ಅಗ್ನಿಸಾಕ್ಷಿಯಾದ ಬಾಗಿಲು

ವೈಟ್‌ಫೀಲ್ಡಿನ ಬಹುಮಹಡಿ ಸೌಧಗಳ ನಿವಾಸಿಗಳಿಗೆ ಸಕಲ ಸಾಮಗ್ರಿಗಳೂ ಕುಳಿತಲ್ಲಿಗೇ ಬಂದು ಬೀಳುವುವಾದರೂ, ದೇವರ ಮನೆಯ ಬಾಗಿಲೊಂದನ್ನು ಮಾತ್ರ ಪೀಣ್ಯಕ್ಕೆ ಹೋಗಿಯೇ ಮಾಡಿಸಬೇಕೆಂಬುದು ನಮ್ಮ ಮನೆಯಾಕೆಯ ಸಿದ್ಧಾಂತ. ಅಲ್ಲಿಯ ಶೆಡ್ಡೊಂದರಲ್ಲಿ, ಕಂಪ್ಯೂಟರಿನ ಆಜ್ಞೆಯನ್ನು ಶಿರಸಾವಹಿಸಿ ಓಡಾಡುವ ಸಿಎನ್‌ಸಿ ರೂಟರ್, ನಿಮಿಷಕ್ಕೆ 18,000 ಸುತ್ತು ತಿರುಗುವ ತನ್ನ ಬಿಟ್ಟನ್ನು ತೇಗದ ಹಲಗೆಗಿಳಿಸಿ, ಹಿಂದೆ ಆಚಾರಿಗಳು ವಾರಗಟ್ಟಲೆ ಕುಳಿತು ಬಿಡಿಸುತ್ತಿದ್ದ ಪದ್ಮವನ್ನು ನಾವು ಎರಡು ಬಾರಿ ಕಾಫಿ ಕುಡಿಯುವಷ್ಟರಲ್ಲಿ ಅರಳಿಸಿಬಿಟ್ಟಿತು. ಅರಳಿದುದೇನೋ ನಿಜ, ಆದರೆ ಪ್ರತಿಯೊಂದು ದಳದ ತುದಿಯಲ್ಲಿಯೂ, ಎರಡು ದಳಗಳು ಕೂಡುವ ಸಂದಿನಲ್ಲಿಯೂ ಕಾಡಿಗೆ ತೀಡಿದಂತೆ ಕಪ್ಪು.

ಸೋಜಿಗವೆಂದರೆ, ಇಷ್ಟು ವೇಗದ ಯಂತ್ರವು ಮರವನ್ನು ಸುಡುವುದು ತಡಮಾಡಿದಾಗ. ಮುಂದೆ ಸಾಗುವ ಬಿಟ್ಟಿನ ಶಾಖವನ್ನು ಹಾರುವ ಹೊಟ್ಟು ತನ್ನೊಡನೆ ಒಯ್ದುಬಿಡುತ್ತದೆ. ಮೂಲೆಯಲ್ಲಿ ದಿಕ್ಕು ಬದಲಿಸಲೆಂದು ಅದು ಕ್ಷಣಕಾಲ ತಡೆದರೂ ಸಾಕು, ತಿರುಗುವುದು ಮಾತ್ರ ನಿಲ್ಲದಿರುವುದರಿಂದ, ಒಂದೇ ಎಡೆಯನ್ನು ಉಜ್ಜಿ ಉಜ್ಜಿ ಅರಣಿಮಥನಕ್ಕೆ ತೊಡಗುತ್ತದೆ. ಅಲಗು ಮೊಂಡಾಗಿ, ಮರದ ಅಂಟೂ ಹತ್ತಿದ್ದರಂತೂ ಯಜ್ಞವು ಸಾಂಗವಾಗಿ ನೆರವೇರಿದಂತೆಯೇ. ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮರಗೆಲಸದ ಯಂತ್ರಗಳಿಗೆ ತರಬೇತಿಯೇ ಉಂಟು. ಸುತ್ತುವ ವೇಗಕ್ಕೂ ಸಾಗುವ ವೇಗಕ್ಕೂ ಹೊಂದಾಣಿಕೆ ಮಾಡಿ, ಕಡೆಯ ಸರದಿಗೆ ಅರ್ಧ ಮಿಲಿಮೀಟರನ್ನಷ್ಟೇ ಉಳಿಸಿಕೊಂಡರೆ ಕಲೆ ಬೀಳುವುದು ಅಪರೂಪವೆಂದು ಬಲ್ಲವರು ಹೇಳುತ್ತಾರೆ. ಕಲೆ ಬಿದ್ದಮೇಲೆ ಕೇಳುವವನಿಗೆ ಇದರಿಂದ ಜ್ಞಾನ ಲಭಿಸುವುದೇ ಹೊರತು ಸಮಾಧಾನವಲ್ಲ.

ಪರಿಹಾರ ಸೂಚಿಸುವವರಿಗೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬರವಿಲ್ಲ. ಸಾಫ್ಟ್‌ವೇರ್ ಮಿತ್ರರೊಬ್ಬರು ಆಕ್ಸಾಲಿಕ್ ಆಮ್ಲವನ್ನು ಸೂಚಿಸಿದರು. ಕಬ್ಬಿಣದ ಕಲೆಗೆ ರಾಮಬಾಣವಾದ ಆ ಆಮ್ಲವು ಇದ್ದಿಲನ್ನು ಮುಟ್ಟದೆ, ಸುತ್ತಲಿನ ಮರವನ್ನಷ್ಟೇ ಬಿಳಿಚಿಸಿ, ಕಪ್ಪಿಗೆ ಮತ್ತಷ್ಟು ಶೋಭೆ ತರುವುದೆಂದು ಹೇಳಲು ದಾಕ್ಷಿಣ್ಯ ಅಡ್ಡಬಂದಿತು. ಮೇಲಿನ ಮಹಡಿಯ ವೃದ್ಧರೊಬ್ಬರು, "ದೀಪದ ಹೊಗೆಗೆ ಹೇಗೂ ಕಪ್ಪಾಗುವ ಬಾಗಿಲು, ಸ್ವಲ್ಪ ಮುಂಚೆಯೇ ಆಗಿದೆ, ಅಷ್ಟೆ" ಎಂದು ವೇದಾಂತವನ್ನು ಉಪದೇಶಿಸಿದರು.

ಕಡೆಗೆ ಬಂದ ಆಚಾರಿಯ ಚೀಲದಲ್ಲಿ ಯಂತ್ರವೆಂಬುದೇ ಇರಲಿಲ್ಲ. ಮುರಿದ ಹ್ಯಾಕ್ಸಾ ಬ್ಲೇಡಿನ ತುಂಡನ್ನು ದಳದ ಬಾಗಿಗೆ ಸರಿಹೊಂದುವಂತೆ ಸಾಣೆ ಹಿಡಿದು, ನಾರಿನ ಜಾಡಿನಲ್ಲಿಯೇ ಮೆಲ್ಲನೆ ಕೆರೆದ. ಅದೂ ಹೋಗದ ಸಂದಿಗೆ, ದೇವರ ಮುಂದೆ ಉರಿದು ಉಳಿದಿದ್ದ ಊದುಬತ್ತಿಯ ಕಡ್ಡಿಗೆ 180ರ ಉಪ್ಪುಕಾಗದವನ್ನು ಸುತ್ತಿ ತೂರಿಸಿದ. ಸುಟ್ಟಿರುವುದು ಮೇಲ್ಪದರವಷ್ಟೇ ಆದರೂ, ಅವಸರಿಸಿ ಒತ್ತಿದರೆ ದಳದ ಅಂಚು ದುಂಡಾಗಿ ಕಮಲವು ಇಡ್ಲಿಯ ಆಕಾರ ತಾಳುವುದಂತೆ. ನಡುನಡುವೆ ಒದ್ದೆ ಬಟ್ಟೆಯಿಂದ ಒರಸಿ ನೋಡುತ್ತಿದ್ದ. ಒಣಮರದಲ್ಲಿ ಅಡಗಿ ಕುಳಿತ ಕಲೆಯು, ಪಾಲಿಷ್ ಆದಮೇಲೆ ತೋರಲಿದ್ದ ಮುಖವನ್ನು ನೀರು ಸೋಕಿದೊಡನೆಯೇ ತೋರಿಬಿಡುವುದು.

ಯಂತ್ರಕ್ಕೆ ಚದರಡಿಯ ಲೆಕ್ಕ, ಆಚಾರಿಗೆ ದಿನಗೂಲಿ. ಹೀಗಾಗಿ ಕೆತ್ತಿದುದಕ್ಕಿಂತ ಒರಸಿದುದಕ್ಕೇ ಹೆಚ್ಚು ಹಣ ತೆರಬೇಕಾಯಿತು. ಯಂತ್ರಗಳು ನಮಗೆ ಉಳಿಸಿಕೊಡುವ ಕಾಲವೆಲ್ಲ ಎಲ್ಲಿಗೆ ಹೋಗುವುದೆಂಬ ಪ್ರಶ್ನೆಗೆ ಅರ್ಥಶಾಸ್ತ್ರಜ್ಞರು ಏನು ಹೇಳುವರೋ ತಿಳಿಯದು; ಅದು ಮೂಲೆ ಮುಡುಕುಗಳಿಗೆ ಹೋಗುವುದೆಂದು ನಾನಂತೂ ಬಲ್ಲೆ.