ದೆವ್ವಕ್ಕೂ ಒಂದು ನಿಯಮ

ಪ್ಯಾಕ್‌-ಮ್ಯಾನ್‌ ಆಟದಲ್ಲಿ ಬದುಕುಳಿಯಲು ಮೊದಲು ತಿಳಿಯಬೇಕಾದದ್ದು ಬೆನ್ನಟ್ಟುವ 4 ದೆವ್ವಗಳ ಸ್ವಭಾವ. 1980ರಲ್ಲಿ ಜಪಾನಿನ ನಾಮ್ಕೊ ಕಂಪನಿಗಾಗಿ ತೋರು ಇವಾತಾನಿ ರೂಪಿಸಿದ ಈ ಆಟದ ಕೆಂಪು ದೆವ್ವ ಬ್ಲಿಂಕಿ, ಬೆಂಗಳೂರಿನ ಹಳದಿ ಮಾರ್ಗದ ಮೆಟ್ರೊದಲ್ಲಿ ಪ್ರಯಾಣಿಕನೊಬ್ಬನ ಮೊಬೈಲಿನೊಳಗಿಂದಲೇ ಅಂಕಣಕಾರನಿಗೆ ಸಂದರ್ಶನ ಕೊಟ್ಟಿತು. ರಾಗಿಗುಡ್ಡದಲ್ಲಿ ಶುರುವಾದ ಮಾತು ಸಿಲ್ಕ್‌ ಬೋರ್ಡ್‌ವರೆಗೂ ಸಾಗಿತು.

ಕತ್ತಲ ಚಕ್ರವ್ಯೂಹದಲ್ಲಿ ಹೆದರಿಸುವ ಈಗಿನ ಆಟಗಳ ಬಗ್ಗೆ ಕೇಳಿದ್ದನ್ನು ಬ್ಲಿಂಕಿ ಕಿವಿಗೇ ಹಾಕಿಕೊಳ್ಳಲಿಲ್ಲ. ಅದರ ದೂರು ಒಂದೇ: “ನಾವು ಮನಸ್ಸಿಗೆ ಬಂದ ಹಾಗೆ ಓಡಾಡ್ತೀವಿ ಅಂತಾರಲ್ಲ ಸ್ವಾಮಿ! ಒಂದು ಲೆಕ್ಕ ತಪ್ಪಿದ್ದು ತೋರಿಸಲಿ.”

ಲೆಕ್ಕ ಇರುವುದು ನಿಜ. ಬ್ಲಿಂಕಿಯ ಗುರಿ ಆಟಗಾರ ನಿಂತ ಚೌಕ. ಪಿಂಕಿಯ ಗುರಿ ಅವನ ಮುಂದಿನ 4ನೇ ಚೌಕ. ಕ್ಲೈಡ್‌ 8 ಚೌಕದಷ್ಟು ಹತ್ತಿರ ಬಂದೊಡನೆ ತನ್ನ ಮೂಲೆಯ ದಾರಿ ಹಿಡಿಯುತ್ತದೆ. ಇಂಕಿಯ ಗಣಿತಕ್ಕೆ ಬ್ಲಿಂಕಿ ಎಲ್ಲಿದೆ ಎನ್ನುವುದೂ ಬೇಕು (“ಅವನಿಗೂ ನಾನೇ ಆಸರೆ!”). ಮೊದಲ ಹಂತ ಶುರುವಾಗುವಾಗ 7 ಸೆಕೆಂಡ್‌ ಮೂಲೆಗಳಲ್ಲಿ ಸುತ್ತಾಟ, ಆಮೇಲೆ 20 ಸೆಕೆಂಡ್‌ ಬೇಟೆ. ದೆವ್ವಗಳೆಲ್ಲ ಒಮ್ಮೆಲೇ ಹಿಂದಕ್ಕೆ ತಿರುಗಿದರೆ ಸರದಿ ಬದಲಾಯಿತೆಂದು ತಿಳಿಯಬೇಕು. ಬೆನ್ನಿಗೇ ಬಿದ್ದರೆ ಪಕ್ಕದ ಸುರಂಗಕ್ಕೆ ನುಗ್ಗುವುದು ಲೇಸು. ಅಲ್ಲಿ ಅವುಗಳ ವೇಗ ಹೆಚ್ಚುಕಮ್ಮಿ ಅರ್ಧಕ್ಕಿಳಿಯುತ್ತದೆ. ದೆವ್ವಗಳನ್ನು ನೀಲಿಯಾಗಿಸಿ ಅವನ್ನೇ ತಿನ್ನಲು ಬಿಡುವ ದೊಡ್ಡ ಚುಕ್ಕೆಗಳನ್ನು ದೆವ್ವಗಳು ಗುಂಪಾಗುವವರೆಗೆ ಉಳಿಸಿಕೊಳ್ಳಬೇಕು, ಆದರೆ 19ನೇ ಹಂತದಿಂದಾಚೆ ಅವನ್ನು ತಿಂದರೂ ದೆವ್ವಗಳು ನೀಲಿಯಾಗುವುದಿಲ್ಲ.

ಬೆನ್ನಟ್ಟುವಾಗ 4 ಕೂಡುದಾರಿಗಳಲ್ಲಿ ದೆವ್ವಗಳು ಮೇಲಕ್ಕೆ ತಿರುಗುವಂತಿಲ್ಲ ಎಂದದ್ದೇ ತಡ, ಅಂಕಣಕಾರ ಎದ್ದು ಕುಳಿತ. ಒನ್‌ವೇ ಬೋರ್ಡ್‌ ಇದೆಯೇ? ಕೊಂಬೆಯಿಂದ ಮುಚ್ಚಿಹೋಗಿದೆಯೇ? ಜಯನಗರದಲ್ಲೂ 9ನೇ ಮೇನ್‌, ಬನಶಂಕರಿ 2ನೇ ಹಂತದಲ್ಲೂ 9ನೇ ಮೇನ್‌ ಇರುವಾಗ ಬ್ಲಿಂಕಿಯವರು ವಿಳಾಸ ಹುಡುಕುವುದು ಹೇಗೆ? “ಬೋರ್ಡೇ ಬೇಡ. ತಿರುಗಬಾರದು ಅಂದ್ರೆ ತಿರುಗಲ್ಲ,” ಎಂದಿತು ದೆವ್ವ. ಬಿಟಿಎಂ ಲೇಔಟಿನಲ್ಲಿ ಇಂಥ ಮಾತನ್ನು ಮನುಷ್ಯರ ಬಾಯಲ್ಲಿ ಕೇಳುವುದು ಕಷ್ಟ.

ಆಟಗಾರನಿಗೆ 3 ಜೀವ. ಫುಟ್‌ಪಾತ್‌ ಮೇಲೆ ಸ್ಕೂಟರ್‌ ನುಗ್ಗಿತೆಂದು ರಸ್ತೆಗಿಳಿಯುವ ಅಜ್ಜಿಗೆ ಒಂದೇ. ಚಪ್ಪಡಿ ಕುಸಿದಲ್ಲಿ ಕೊಂಬೆ ನೆಟ್ಟು, ಅದಕ್ಕೊಂದು ಕೆಂಪು ಬಟ್ಟೆ ಕಟ್ಟುವುದು ಪಕ್ಕದ ಎಳನೀರಿನವನೇ ಹೊರತು ಅದಕ್ಕೆಂದೇ ಸಂಬಳ ಪಡೆಯುವವರಲ್ಲ. ಯಾರಾದರೂ ಬಿದ್ದು ಸತ್ತ ಮೇಲಷ್ಟೇ ಜಲ್ಲಿ ಬರುತ್ತದೆ. ಇದು ನಾಚಿಕೆಗೇಡು.

ಆಟದಲ್ಲಿ ಇನ್ನು ಉಳಿದದ್ದು 256ನೇ ಹಂತ. ಹಂತದ ಸಂಖ್ಯೆಯನ್ನು 8 ಬಿಟ್‌ಗಳಲ್ಲಿ ಇಟ್ಟಿರುವುದರಿಂದ ಅಲ್ಲಿ ಲೆಕ್ಕ ಉಕ್ಕಿ, ಪರದೆಯ ಬಲ ಅರ್ಧ ಅಕ್ಷರ, ಅಂಕಿಗಳ ಕಲಸುಮೇಲೋಗರವಾಗುತ್ತದೆ. ಹಂತ ಮುಗಿಸುವಷ್ಟು ಚುಕ್ಕೆಗಳೇ ಸಿಗುವುದಿಲ್ಲ. ಅಲ್ಲಿ ಯಾವ ತಂತ್ರ ಎಂದು ಕೇಳಿದ್ದಕ್ಕೆ ಬ್ಲಿಂಕಿ ಹೇಳಿದ್ದಿಷ್ಟು: “ಎಡಗಡೆ ಸಿಕ್ಕಷ್ಟು ತಿನ್ನಿ. ತಪ್ಪು ನಮ್ಮದಲ್ಲ ಅಂತ ಬರ್ಕೊಳ್ಳಿ.”