ಕಾಲಿಗೂ ಒಂದು ಮರ್ಯಾದೆ

ನಮ್ಮ ನಾಡಿನಲ್ಲಿ ಪಾದರಕ್ಷೆಗೆ ಇರುವ ಸ್ಥಾನ ಎರಡೇ. ಮನುಷ್ಯರದಾದರೆ ಹೊಸ್ತಿಲ ಆಚೆ, ದೇವರದಾದರೆ ತಲೆಯ ಮೇಲೆ. ಭರತ ಹದಿನಾಲ್ಕು ವರ್ಷ ರಾಜ್ಯವಾಳಿದ್ದು ಅಣ್ಣನ ಪಾದುಕೆಗಳ ಹೆಸರಿನಲ್ಲಿ. ವಿಷ್ಣುವಿನ ಗುಡಿಗಳಲ್ಲಿ ಅರ್ಚಕರು ಶಠಾರಿಯನ್ನು ತಲೆಗೆ ಮುಟ್ಟಿಸಿದಾಗ ನಾವು ಕಣ್ಣು ಮುಚ್ಚಿ ಬಾಗುತ್ತೇವೆ. ಅದರ ಮೇಲಿರುವುದು ಸ್ವಾಮಿಯ ಪಾದ. ಅದೇ ಗಳಿಗೆಯಲ್ಲಿ ನಮ್ಮ ಮನಸ್ಸು ಮಾತ್ರ ಹೊರಗೆ ಬಿಟ್ಟುಬಂದ ಬೂಟಿನ ಕಾವಲಿಗೆ ಕೂತಿರುತ್ತದೆ. ಇನ್ನು ಪಾದರಕ್ಷೆ ನಿಜವಾಗಿ ಇರಬೇಕಾದ ಜಾಗ, ಅಂದರೆ ಕಾಲು. ಅಲ್ಲಿದ್ದಷ್ಟು ಹೊತ್ತು ಅದರ ಕಡೆ ಯಾರಿಗೂ ಗಮನವಿಲ್ಲ. ಕಚ್ಚಿದರೆ ಮಾತ್ರ ನೆನಪು.

ಒಳ್ಳೆಯ ಚರ್ಮದ ಬೂಟು ಕೊಂಡವನ ಭಕ್ತಿ ಅಲ್ಲಿಗೆ ಅರ್ಧವಾಯಿತೆಂದೇ ಲೆಕ್ಕ. ಮೂರು ಪ್ರದಕ್ಷಿಣೆ ಹಾಕಬೇಕೆಂದು ಹೊರಟವನು ಒಂದಕ್ಕೇ ಮುಗಿಸುತ್ತಾನೆ. ಜಾಣರು ಎಡಗಾಲಿನದನ್ನು ಒಂದು ಮೂಲೆಯಲ್ಲಿ, ಬಲಗಾಲಿನದನ್ನು ಇನ್ನೊಂದು ಮೂಲೆಯಲ್ಲಿ ಬಿಡುತ್ತಾರೆ. ಇನ್ನೂ ಜಾಣರು ‘ದೇವಸ್ಥಾನದ ಚಪ್ಪಲಿ’ ಎಂದೇ ಒಂದು ಜೊತೆ ಇಟ್ಟಿರುತ್ತಾರೆ. ಅದರ ಸ್ಥಿತಿ ನೋಡಿದರೆ ಕಳ್ಳನೇ ಮರುಗಿ ಹತ್ತು ರೂಪಾಯಿ ಇಟ್ಟುಹೋಗಬೇಕು. ಗುಡಿಯ ಮುಂದೆ ಚಪ್ಪಲಿ ಕಳೆದರೆ ಶನಿ ಬಿಟ್ಟಂತೆ ಎಂಬ ಸಮಾಧಾನದ ಮಾತೂ ನಮ್ಮಲ್ಲಿದೆ. ಆದರೆ ಐದು ಸಾವಿರದ ಬೂಟು ಕಳೆದುಕೊಂಡು ಬರಿಗಾಲಲ್ಲಿ ಬಿಸಿ ಕಲ್ಲಿನ ಮೇಲೆ ಕುಣಿಯುತ್ತಿರುವವನಿಗೆ ಈ ಮಾತು ಹೇಳಲು ಹೋಗಬಾರದು.

ದೇವರುಗಳಿಗೆ ಈ ಕಷ್ಟವಿಲ್ಲ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿ ರಂಗನಾಥನಿಗೆ ಬೂದಿಪಡಗದ ಕುಶಲಕರ್ಮಿಗಳು ಎರಡು ವರ್ಷಕ್ಕೊಮ್ಮೆ ದೊಡ್ಡ ಚರ್ಮದ ಪಾದರಕ್ಷೆಗಳನ್ನು ಮಾಡಿ ಒಪ್ಪಿಸುತ್ತಾರೆ. ರಂಗಪ್ಪ ಅವನ್ನು ಮೆಟ್ಟಿಕೊಂಡು ಕಾಡು ಸುತ್ತುತ್ತಾನೆ, ಅದಕ್ಕೇ ಸವೆಯುತ್ತವೆ ಎಂಬುದು ನಂಬಿಕೆ. ಉದ್ದ 1 ಅಡಿ 9 ಇಂಚು. ನಮ್ಮ ಅಂಗಡಿಗಳ ಲೆಕ್ಕಕ್ಕೆ ಇಳಿಸಿದರೆ ಸುಮಾರು 38ನೇ ನಂಬರು. ಯಾವ ಷೋರೂಮಿನಲ್ಲೂ ‘ಸ್ಟಾಕ್ ಇಲ್ಲ ಸ್ವಾಮಿ’ ಎಂದೇ ಹೇಳುತ್ತಾರೆ. ರಂಗಪ್ಪನ ಆ ಜೋಡನ್ನು ತಲೆಗೆ ಮುಟ್ಟಿಸಿಕೊಳ್ಳಲು ಭಕ್ತರು ಸಾಲು ನಿಲ್ಲುತ್ತಾರೆ. ಕಲಬುರಗಿಯ ಆಳಂದ ತಾಲ್ಲೂಕಿನ ಗೋಳಾ ಗ್ರಾಮದಲ್ಲಿ ಲಕ್ಕಮ್ಮ ದೇವಿಗೆ ದೀಪಾವಳಿ ಕಳೆದ ಮೇಲಿನ ಜಾತ್ರೆಯಲ್ಲಿ ಹರಕೆಯೇ ಚಪ್ಪಲಿ. ಗುಡಿಯ ಹೊರಗೆ ಕಟ್ಟಿದ ಜೋಡುಗಳನ್ನು ತಾಯಿ ರಾತ್ರಿ ಹೊತ್ತು ಮೆಟ್ಟುತ್ತಾಳೆ ಎನ್ನುತ್ತಾರೆ. ನಡೆದಾಡುವ ದೇವರಿಗೆ ಒಳ್ಳೆಯ ಜೋಡು ಬೇಕು ಎನ್ನುವಷ್ಟು ವಿವೇಕ ನಮ್ಮ ಜನಕ್ಕಿದೆ. ಆದರೆ ತಮ್ಮ ಕಾಲಿನ ವಿಷಯಕ್ಕೆ ಬಂದರೆ ‘ಇರೋದರಲ್ಲೇ ತೋರಿಸಪ್ಪ, ಜಾಸ್ತಿ ಬೇಡ’ ಎನ್ನುತ್ತಾರೆ.

ರಂಗಪ್ಪನ ನಂಬರು ಹೇಗೆ ಬಂತು ಎಂದು ನೀವು ಕೇಳಬಹುದು. ನಾವು ದಿನವೂ ಹೇಳುವ ಏಳು, ಎಂಟು, ಒಂಬತ್ತು ನಂಬರುಗಳು ಇಂಗ್ಲೆಂಡಿನ ಬಾರ್ಲಿ ಹೊಲದಿಂದ ಬಂದವು. ಒಂದು ಬಾರ್ಲಿ ಕಾಳಿನ ಉದ್ದ ಇಂಚಿನ ಮೂರನೇ ಒಂದು ಭಾಗ. ನಂಬರಿನಿಂದ ನಂಬರಿಗೆ ಇರುವ ವ್ಯತ್ಯಾಸ ಅಷ್ಟೇ. ನಾಲ್ಕು ಇಂಚಿಗೆ ಸೊನ್ನೆ ಎಂದು ಶುರುವಾಗಿ ಮಕ್ಕಳ ನಂಬರು ಹದಿಮೂರರವರೆಗೆ ಹೋಗುತ್ತದೆ, ಅಲ್ಲಿಂದ ದೊಡ್ಡವರದು ಮತ್ತೆ ಒಂದರಿಂದ. ಹದಿಮೂರು ದಾಟಿದ ಹುಡುಗ ಇದ್ದಕ್ಕಿದ್ದಂತೆ ಒಂದನೇ ನಂಬರಿಗೆ ಇಳಿಯುವ ಈ ಏರ್ಪಾಡು ನಮ್ಮ ಶಾಲೆಗಳಲ್ಲಿ ಇದ್ದಿದ್ದರೆ ಪೋಷಕರು ಧರಣಿ ಕೂರುತ್ತಿದ್ದರು. ಹೀಗೆ ಲೆಕ್ಕ ಹಾಕಿದರೆ ಎಂಟು ನಂಬರಿನ ಬೂಟನ್ನು ಹೊಲಿಯುವ ಅಚ್ಚಿನ ಉದ್ದ 11 ಇಂಚು. ಯುರೋಪಿನವರದು ಬೇರೆ ಲೆಕ್ಕ: ಸೆಂಟಿಮೀಟರಿನ ಮೂರನೇ ಎರಡು ಭಾಗಕ್ಕೆ ಒಂದು ನಂಬರು. ಅದಕ್ಕೇ ಅಲ್ಲಿ ಎಂಟು ಹೋಗಿ ನಲವತ್ತೆರಡಾಗುತ್ತದೆ.

ಈ ಎರಡು ಲೆಕ್ಕದಲ್ಲೂ ಅಳೆಯುವುದು ಉದ್ದವನ್ನು. ನಮ್ಮ ಕಾಲಿನ ವೈಭವ ಇರುವುದು ಅಗಲದಲ್ಲಿ. ಬಾಲ್ಯವೆಲ್ಲ ಬರಿಗಾಲಲ್ಲೋ ಚಪ್ಪಲಿಯಲ್ಲೋ ಓಡಾಡಿ, ಬೆರಳುಗಳು ತಮ್ಮ ತಮ್ಮ ಜಾಗ ಹಿಡಿದು ಕುಳಿತ ಮೇಲೆ ಅವನ್ನು ಲಂಡನ್ನಿನ ಮೂತಿಯ ಬೂಟಿನೊಳಗೆ ನೂಕಿದರೆ ಕಿರುಬೆರಳು ಪ್ರತಿಭಟಿಸದೆ ಇರುತ್ತದೆಯೇ? ಚೆನ್ನೈನಲ್ಲಿ 1948ರಿಂದ ಇರುವ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು ದೇಶದ ಉದ್ದಗಲಕ್ಕೂ ಒಂದು ಲಕ್ಷಕ್ಕೂ ಹೆಚ್ಚು ಜನರ ಕಾಲು ಅಳೆದು, ಭಾರತೀಯರ ಪಾದ ಅಗಲ ಹೆಚ್ಚು ಎಂದು ಕಂಡುಕೊಂಡರು. ಅದರ ಮೇಲೆ ‘ಭಾ’ ಎಂಬ ನಮ್ಮದೇ ನಂಬರಿನ ಪದ್ಧತಿಯನ್ನು ಸೂಚಿಸಿದ್ದಾರೆ. ನಮ್ಮ ಅಜ್ಜಿಯಂದಿರು ಇದನ್ನು ಕಾಲುಂಗುರ ಮಾಡಿಸುವಾಗಲೇ ಹೇಳುತ್ತಿದ್ದರು. ಈಗ ಅದಕ್ಕೆ ಸರ್ಕಾರಿ ಅಂಕಿ ಸಿಕ್ಕಿದೆ.

‘ಭಾ’ ಅಂಗಡಿಗೆ ಬರುವವರೆಗೆ ನಮ್ಮ ಕಾಲನ್ನು ನಾವೇ ನೋಡಿಕೊಳ್ಳಬೇಕು. ಬೂಟು ಕೊಳ್ಳಲು ಸಂಜೆ ಹೋಗಬೇಕು; ದಿನವಿಡೀ ನಿಂತು ನಡೆದು ಕಾಲು ಸ್ವಲ್ಪ ಊದಿರುತ್ತದೆ, ಬೆಳಿಗ್ಗೆ ಸರಿಹೋದದ್ದು ಸಂಜೆಗೆ ಬಿಗಿಯಾಗುತ್ತದೆ. ಎರಡೂ ಕಾಲಿಗೆ ಹಾಕಿ ನೋಡಬೇಕು, ಏಕೆಂದರೆ ಅವು ಅವಳಿಯಾದರೂ ಒಂದು ತುಸು ದೊಡ್ಡದೇ. ಆ ದೊಡ್ಡದಕ್ಕೆ ಹೊಂದುವುದನ್ನು ಆರಿಸಬೇಕು. ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಇರಬೇಕು, ಹಿಮ್ಮಡಿ ಎದ್ದೆದ್ದು ಬೀಳಬಾರದು. ಕಚೇರಿಗೆ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಹೋಗಬೇಕು. ಇಷ್ಟೆಲ್ಲ ನೀವು ಮಾಡುತ್ತಿರುವಾಗ ಅಂಗಡಿಯ ಹುಡುಗ ಒಂದು ಮಾತು ಹೇಳುತ್ತಾನೆ: “ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಸರ್.” ಇದು ಅರ್ಧಸತ್ಯ. ಚರ್ಮ ಅಗಲಕ್ಕೆ ಒಂದಿಷ್ಟು ಬಿಟ್ಟುಕೊಡುತ್ತದೆ, ಉದ್ದಕ್ಕೆ ಕೊಡುವುದಿಲ್ಲ. ಅದೇ ಹುಡುಗ, ನೀವು ಸಡಿಲ ಎಂದರೆ, “ಒಳಗೊಂದು ಸೋಲ್ ಹಾಕೊಂಡ್ರೆ ಫಿಟ್ ಆಗುತ್ತೆ ಸರ್” ಎನ್ನುತ್ತಾನೆ. ಅವನ ಪ್ರಕಾರ ಜಗತ್ತಿನಲ್ಲಿ ಹೊಂದದ ಬೂಟು ಎಂಬುದಿಲ್ಲ, ಹೊಂದಿಕೊಳ್ಳದ ಕಾಲು ಮಾತ್ರ ಇದೆ.

ಹೊಸ ಚರ್ಮದ ಬೂಟು ಹೊಸ ಅಳಿಯನ ಹಾಗೆ. ಮೊದಮೊದಲು ಬಿಗುಮಾನ, ಆಮೇಲೆ ಮನೆಯವನೇ. ಅಲ್ಲಿಯವರೆಗೆ ದಿನಕ್ಕೆ ಅರ್ಧ ಗಂಟೆ, ಒಂದು ಗಂಟೆ ಎಂದು ಮನೆಯೊಳಗೇ ಹಾಕಿಕೊಂಡು ಓಡಾಡಬೇಕು. ಆದರೆ ಮನೆಯೊಳಗೆ ಬೂಟು ಹಾಕಿ ಓಡಾಡಲು ಯಾವ ಕನ್ನಡದ ಮನೆ ಬಿಟ್ಟೀತು? “ಅಡುಗೆಮನೆ ಕಡೆ ಬಂದ್ರೆ ನೋಡಿ” ಎಂಬ ದನಿ ಕೇಳುತ್ತಲೇ ವರಾಂಡದಲ್ಲಿ ಶತಪಥ ಹಾಕಬೇಕು. ಬೂಟು ಪಶ್ಚಿಮದ ಚಳಿದೇಶಗಳ ಸೃಷ್ಟಿ. ಬೆಳಿಗ್ಗೆ ಕಟ್ಟಿದ ಲೇಸನ್ನು ರಾತ್ರಿ ಬಿಚ್ಚುವ ಜನರಿಗೆ ಹೇಳಿದ್ದು. ನಾವಾದರೋ ನೆಂಟರ ಮನೆಗೆ, ಗುಡಿಗೆ, ಕೆಲವು ದವಾಖಾನೆಗೆ, ಅಷ್ಟೇಕೆ ಕೆಲವು ಬಟ್ಟೆ ಅಂಗಡಿಗೂ ಕಳಚಿ ಒಳಗೆ ಹೋಗುವವರು. ಲೇಸು ಬಿಚ್ಚಿ ತಲೆ ಎತ್ತುವಷ್ಟರಲ್ಲಿ ಒಳಗೆ ಕಾಫಿ ಆರಿರುತ್ತದೆ. ಹಾಗಾಗಿ ಲೇಸು ಬಿಚ್ಚದೆಯೇ ಕಾಲು ಕೀಳುತ್ತೇವೆ, ಬಿಚ್ಚದೆಯೇ ತುರುಕುತ್ತೇವೆ, ಹಿಮ್ಮಡಿಯ ಗೋಡೆ ಕುಸಿದು ಬೂಟು ಚಪ್ಪಲಿಯಾಗುತ್ತದೆ. ಬೂಟುಗಳ ಅಕಾಲ ಮರಣಕ್ಕೆ ನಮ್ಮಲ್ಲಿ ಮುಖ್ಯ ಕಾರಣ ಅತಿಥಿ ಸತ್ಕಾರ. ಪರಿಹಾರ ಎರಡು: ಲೇಸಿಲ್ಲದ ಲೋಫರ್ ಕೊಳ್ಳುವುದು, ಇಲ್ಲವೇ ಜೇಬಿನಲ್ಲಿ ಒಂದು ಚಿಕ್ಕ ಶೂ ಹಾರ್ನ್ ಇಟ್ಟುಕೊಳ್ಳುವುದು. ಎರಡನೆಯದನ್ನು ಮದುವೆ ಛತ್ರದ ಬಾಗಿಲಲ್ಲಿ ಹೊರತೆಗೆದರೆ ನಾಲ್ಕು ಜನ ನೋಡುತ್ತಾರೆ. ನೋಡಲಿ.

ನಮ್ಮ ಹವೆಗೆ, ನಮ್ಮ ಹೊಸ್ತಿಲಿಗೆ ಒಪ್ಪುವ ಚರ್ಮದ ಪಾದರಕ್ಷೆಯನ್ನು ನಮ್ಮವರು ಎಂದೋ ಮಾಡಿಟ್ಟಿದ್ದಾರೆ. ಅಥಣಿ, ನಿಪ್ಪಾಣಿ, ಮದಭಾವಿಯ ಕಡೆ ಗಿಡಮರದ ತೊಗಟೆ ಮತ್ತು ಅಳಲೆಕಾಯಿಯಲ್ಲಿ ಹದ ಮಾಡಿದ ತೊಗಲಿನಿಂದ, ತೊಗಲಿನದೇ ದಾರದಲ್ಲಿ ಹೊಲಿದ ಕೆರಗಳು ಜಗತ್ತಿಗೆ ಕೊಲ್ಹಾಪುರಿ ಎಂದೇ ಗೊತ್ತು. 2019ರಲ್ಲಿ ಅವಕ್ಕೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳ ಹೆಸರೂ ಸೇರಿತು. 2025ರ ಜೂನಿನಲ್ಲಿ ಮಿಲಾನಿನ ಪ್ರಾಡಾ ಕಂಪನಿಯ ಪ್ರದರ್ಶನದಲ್ಲಿ ಇಂಥದೇ ಜೋಡು ಹಾಕಿ ಚೆಂದದ ಹುಡುಗರು ನಡೆದರು. ಬೆಲೆ ಲಕ್ಷಕ್ಕೂ ಮೇಲೆ ಎಂದು ಪತ್ರಿಕೆಗಳು ಬರೆದವು. ಗದ್ದಲವಾದ ಮೇಲೆ, ಸ್ಫೂರ್ತಿ ಭಾರತದ್ದು ಎಂದು ಕಂಪನಿ ಒಪ್ಪಿಕೊಂಡಿತು. ಅಥಣಿಯ ಕೆರವೂ ಮೊದಲ ವಾರ ಕಾಲನ್ನು ಕೇಳಿಯೇ ಕೇಳುತ್ತದೆ. ಎಣ್ಣೆ ಸವರಿ ಮೆತ್ತಗೆ ಮಾಡಿಕೊಳ್ಳುವುದು ಆ ಕಡೆಯವರ ರೂಢಿ. ಆಮೇಲೆ ನಿಮ್ಮ ಪಾದದ ಅಚ್ಚು ಅದರಲ್ಲಿ ಮೂಡಿತೆಂದರೆ ಬೇರೆಯವರ ಕಾಲಿಗೆ ಅದು ಒಗ್ಗುವುದಿಲ್ಲ.

ಬೂಟಿನ ಒಳ್ಳೆಯತನ ಅದರ ಹೊಳಪಿನಲ್ಲಿಲ್ಲ, ಹೊಲಿಗೆಯಲ್ಲಿದೆ. ‘ಜೆನ್ಯುಯಿನ್ ಲೆದರ್’ ಎಂಬ ಮುದ್ರೆ ನೋಡಿ ನಾವು ತಲೆದೂಗುತ್ತೇವೆ. ಅದು ಚರ್ಮ ಎಂದಷ್ಟೇ ಹೇಳುತ್ತದೆ, ಎಂಥ ಚರ್ಮ ಎಂದು ಹೇಳುವುದಿಲ್ಲ. ಹೆಬ್ಬೆರಳಿನಿಂದ ಒತ್ತಿದರೆ ನವಿರಾದ ಸುಕ್ಕು ಮೂಡಿ ಮಾಯವಾಗಬೇಕು, ಪ್ಲಾಸ್ಟಿಕ್ಕಿನ ಪದರದಂತೆ ಒಟ್ಟಿಗೇ ಕುಗ್ಗಬಾರದು. ಆಮೇಲೆ ತಿರುಗಿಸಿ ಅಟ್ಟೆ ನೋಡಬೇಕು. ಅಂಟಿಸಿದ ಅಟ್ಟೆ ಸವೆದರೆ ಬೂಟಿನ ಆಯುಸ್ಸು ಬಹುಮಟ್ಟಿಗೆ ಮುಗಿದಂತೆ. ಮೇಲಿನ ಚರ್ಮಕ್ಕೂ ಅಟ್ಟೆಗೂ ನಡುವೆ ಒಂದು ಪಟ್ಟಿ ಕೊಟ್ಟು ಹೊಲಿದಿದ್ದರೆ, ಹಳೆಯ ಅಟ್ಟೆ ಬಿಚ್ಚಿ ಹೊಸದನ್ನು ಹಾಕಬಹುದು. ಈ ಹೊಲಿಗೆಗೆ ಗುಡ್‌ಇಯರ್ ವೆಲ್ಟ್ ಎಂದು ಹೆಸರು. ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿ ಗಟ್ಟಿ ಮಾಡುವುದಕ್ಕೆ 1844ರಲ್ಲಿ ಪೇಟೆಂಟ್ ಪಡೆದ ಚಾರ್ಲ್ಸ್ ಗುಡ್‌ಇಯರ್ ಸಾಲದಲ್ಲೇ ಸತ್ತ. ಅವನ ಹೆಸರಿಟ್ಟುಕೊಂಡ ಟೈರಿನ ಕಂಪನಿ ಅವನ ಮನೆಯವರದಲ್ಲ. ಅದೇ ಹೆಸರಿನ ಮಗನ ಪಾಲಿಗೆ ಬಂದದ್ದು ಈ ಹೊಲಿಗೆಯ ಯಂತ್ರ. ಅಪ್ಪನ ಹೆಸರು ಚಕ್ರಕ್ಕೆ, ಮಗನ ಹೆಸರು ಕಾಲಿಗೆ. ಅಂತೂ ಕುಟುಂಬ ರಸ್ತೆ ಬಿಡಲಿಲ್ಲ.

ಕೊಂಡ ಮೇಲೆ ಆರೈಕೆ. ಕಾಲು ಬೆವರುತ್ತದೆ, ಚರ್ಮ ಆ ಬೆವರನ್ನು ಕುಡಿಯುತ್ತದೆ, ಅದು ಆರಲು ಒಂದು ದಿನ ಬೇಕು. ಆದ್ದರಿಂದ ಒಂದೇ ಜೊತೆಯನ್ನು ದಿನಾ ಹಾಕುವ ಬದಲು ಎರಡು ಜೊತೆಯನ್ನು ಸರದಿಯ ಮೇಲೆ ಹಾಕಿದರೆ ಎರಡೂ ಹೆಚ್ಚು ಕಾಲ ಬಾಳುತ್ತವೆ. ಈ ವಾದವನ್ನು ಮನೆಯಲ್ಲಿ ಮಂಡಿಸಿ ಗೆದ್ದವರನ್ನು ನಾನು ಕಂಡಿಲ್ಲ. ಮಳೆಯಲ್ಲಿ ನೆನೆದರೆ ಹಳೆಯ ಪತ್ರಿಕೆಯ ಹಾಳೆ ತುರುಕಿ ನೆರಳಲ್ಲಿ ಒಣಗಿಸಬೇಕು. ದಿನಪತ್ರಿಕೆಯ ಸಂಪಾದಕೀಯಗಳು ಸಮಾಜಕ್ಕೆ ಮಾಡಬಹುದಾದ ಖಚಿತ ಉಪಕಾರ ಇದು. ಬಿಸಿಲಿಗೋ ಒಲೆಯ ಬದಿಗೋ ಇಟ್ಟರೆ ಚರ್ಮ ಬಿರುಕು ಬಿಡುತ್ತದೆ. ಮಲೆನಾಡಿನವರ ಕಷ್ಟ ಬೇರೆ. ಆಗುಂಬೆ, ತೀರ್ಥಹಳ್ಳಿಯ ಕಡೆ ಜುಲೈ ತಿಂಗಳಲ್ಲಿ ಬೂಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದರೆ ಆಗಸ್ಟಿನಲ್ಲಿ ಇಳಿಸುವುದು ಬೂಟನ್ನಲ್ಲ, ಒಂದು ತೋಟವನ್ನು. ಬಟ್ಟೆಯ ಚೀಲದಲ್ಲಿ, ಗಾಳಿಯಾಡುವ ಕಡೆ ಇಟ್ಟರೆ ಬೂಷ್ಟು ಕಡಿಮೆ.

ಪಾಲಿಶ್ ಎಂದರೆ ನನ್ನ ತಲೆಮಾರಿಗೆ ಭಾನುವಾರ ರಾತ್ರಿಯ ವಾಸನೆ. ಚೆರ್ರಿ ಬ್ಲಾಸಮ್, ಕಿವಿ ಎರಡೂ 1906ರಲ್ಲಿ, ಒಂದು ಇಂಗ್ಲೆಂಡಿನಲ್ಲಿ, ಇನ್ನೊಂದು ಆಸ್ಟ್ರೇಲಿಯಾದಲ್ಲಿ ಹುಟ್ಟಿದವು. ಕಿವಿ ಹಕ್ಕಿಯ ಹೆಸರು ಬಂದದ್ದು ಅದನ್ನು ಮಾಡಿದವನ ಹೆಂಡತಿ ನ್ಯೂಜಿಲೆಂಡಿನವಳೆಂದು. ಹೆಂಡತಿಯ ತವರನ್ನು ಬೂಟಿನ ಡಬ್ಬಿಯ ಮೇಲೆ ಅಚ್ಚು ಹಾಕಿಸಿಯೂ ಸಂಸಾರ ನಡೆಸಿದ ಅವನ ಧೈರ್ಯ ದೊಡ್ಡದು. ಕ್ರಮ ಇಷ್ಟೇ: ಮೊದಲು ಧೂಳು ಝಾಡಿಸಿ ಒರೆಸುವುದು, ಆಮೇಲೆ ಚರ್ಮದ ಪಸೆ ಆರದಂತೆ ಒಂದಿಷ್ಟು ಕ್ರೀಮು, ಕೊನೆಗೆ ಮೇಣದ ಪಾಲಿಶ್ಶನ್ನು ತೆಳ್ಳಗೆ ಹಚ್ಚಿ, ಆರಲು ಬಿಟ್ಟು, ಬ್ರಶ್ಶಿನಿಂದ ಉಜ್ಜುವುದು. ಹೆಚ್ಚು ಬಳಿದಷ್ಟೂ ಹೆಚ್ಚು ಹೊಳೆಯುತ್ತದೆ ಎಂಬುದು ಭ್ರಮೆ. ಕೊಡಗಿನ ನಿವೃತ್ತ ಸುಬೇದಾರರನ್ನು ನೋಡಬೇಕು: ಬಟ್ಟೆಯನ್ನು ಬೆರಳಿಗೆ ಸುತ್ತಿ, ಒಂದು ಹನಿ ನೀರು, ಒಂದು ಚೂರು ಮೇಣ, ಸಣ್ಣ ಸಣ್ಣ ಸುತ್ತು. ಮೇಣ ಚರ್ಮದ ರಂಧ್ರಗಳನ್ನು ತುಂಬಿ ಮೇಲ್ಮೈ ನುಣುಪಾದಾಗ ಅದರಲ್ಲಿ ಮೀಸೆ ತಿದ್ದಿಕೊಳ್ಳಬಹುದು.

ಇಷ್ಟಾದರೂ ಬೂಟು ಒಂದು ದಿನ ಬಾಯಿ ಬಿಡುತ್ತದೆ. ಆಗ ನೆನಪಾಗುವವರು ಬಸ್ ನಿಲ್ದಾಣದ ಪಕ್ಕದಲ್ಲಿ ಕೂತು ಚಪ್ಪಲಿ ಹೊಲಿಯುವ ಯಜಮಾನರು. ಊರಿನಲ್ಲಿ ಮುಖಕ್ಕಿಂತ ಮೊದಲು ಕಾಲು ನೋಡುವವರು ಅವರೊಬ್ಬರೇ. ನನ್ನ ಬೂಟನ್ನು ತಿರುಗಿಸಿ ನೋಡಿ, “ಎಡಗಾಲು ಎಳೆದು ಹಾಕ್ತೀರಾ ಸಾರ್?” ಎಂದರು. ಹಿಮ್ಮಡಿ ಒಂದು ಬದಿ ಸವೆದಿತ್ತು. ವೈದ್ಯರು ಹೇಳದ ವಿಷಯ ಅದು. ಆಮೇಲೆ ಅಟ್ಟೆಯನ್ನು ಉಗುರಿನಿಂದ ಕೆರೆದು, “ಇದು ಬರೀ ಅಂಟು. ಅಂಟಿಸಿಕೊಡ್ತೀನಿ, ಮತ್ತೆ ಬಿಡುತ್ತೆ. ಹೊಲಿಗೆ ಇರೋದು ತಗೊಂಡು ಬನ್ನಿ, ನಾನಿರೋವರೆಗೂ ನಾನು ನೋಡ್ಕೋತೀನಿ” ಎಂದರು. ಯಾವ ಷೋರೂಮಿನ ವಾರಂಟಿ ಕಾರ್ಡಿನಲ್ಲೂ ಈ ಷರತ್ತು ಇಲ್ಲ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಇದೇ ಕಸುಬಿನ ಹರಳಯ್ಯ, ಕಲ್ಯಾಣಮ್ಮ ದಂಪತಿ ಬಸವಣ್ಣನಿಗಾಗಿ ತಮ್ಮ ತೊಡೆಯ ಚರ್ಮದಿಂದಲೇ ಜೋಡು ಮಾಡಿದರು, ಬಸವಣ್ಣ ಅವನ್ನು ಮೆಟ್ಟಲಾರದೆ ತಲೆಯ ಮೇಲೆ ಹೊತ್ತ ಎಂಬ ಕಥೆ ಎಲ್ಲರಿಗೂ ಗೊತ್ತು. ಕಥೆ ಕೇಳಿ ಕಣ್ಣೊರೆಸಿಕೊಂಡವರೇ ತೊಗಲು ಮುಟ್ಟಿದ ಕೈಗಳನ್ನು ಶತಮಾನಗಳ ಕಾಲ ಊರ ಹೊರಗಿಟ್ಟರು. ಸರ್ಕಾರ ಚರ್ಮದ ಕಸುಬಿನವರಿಗೆಂದು ಲಿಡ್ಕರ್ ನಿಗಮ ಮಾಡಿತು, ರಸ್ತೆಬದಿಯಲ್ಲಿ ಪೆಟ್ಟಿಗೆ ಅಂಗಡಿಗಳನ್ನು ಕೊಡಿಸಿತು, ನಟ ಡಾಲಿ ಧನಂಜಯ ನಿಗಮದ ರಾಯಭಾರಿಯಾದರು. ಅದೆಲ್ಲ ಒಳ್ಳೆಯದೇ. ಆದರೆ ಹೊಳೆಯುವ ಗಾಜಿನ ಅಂಗಡಿಯಲ್ಲಿ 4,999 ಎಂಬ ಚೀಟಿ ನೋಡಿ ‘ಐದು ಸಾವಿರ ಆಗಲಿಲ್ಲವಲ್ಲ’ ಎಂದು ಸಂತೋಷದಿಂದ ಕಾರ್ಡು ಉಜ್ಜುವ ನಾವು, ಅದೇ ಬೂಟಿಗೆ ಮತ್ತೆರಡು ವರ್ಷ ಆಯುಸ್ಸು ಕೊಡುವವರ ಎದುರು ನಿಂತು “ಅರವತ್ತಾ? ನಲವತ್ತು ತಗೊಳ್ಳಿ” ಎನ್ನುತ್ತೇವೆ. ಪಾದರಕ್ಷೆಯ ಆರೈಕೆಯ ಬಗ್ಗೆ ಯಾರಾದರೂ ಸಲಹೆ ಕೇಳಿದರೆ ನಾನು ಕ್ರೀಮು, ಮೇಣ, ಬ್ರಶ್ಶುಗಳನ್ನೆಲ್ಲ ಎರಡನೆಯ ಸಾಲಿಗೆ ಇಡುತ್ತೇನೆ. ಮೊದಲನೆಯದು, ಯಜಮಾನರು ಕೇಳಿದ ಅರವತ್ತನ್ನು ಚೌಕಾಸಿ ಮಾಡದೆ ಕೊಟ್ಟುಬಿಡುವುದು. ಅದಕ್ಕೆ ಬೇರೆ ಯಾವ ಪಾಲಿಶ್ಶೂ ಸಮವಲ್ಲ. ಮೇಲಾಗಿ ಮುಂದಿನ ಸಲ ಹೋದಾಗ ಕೂರಲು ಸ್ಟೂಲೂ ಸಿಗುತ್ತದೆ.