ಒಂದೇ ಹಲ್ಲಿನ ಸಂಕಲ್ಪ

ಜನವರಿ ಒಂದಕ್ಕೆ ನಮ್ಮವರ ಸಂಕಲ್ಪಗಳೆಲ್ಲ ಭೀಮಗಾತ್ರದವು. ನಾಳೆಯಿಂದ ಐದಕ್ಕೇ ಏಳುವುದು, ಲಾಲ್‌ಬಾಗಿಗೆ ಎರಡು ಸುತ್ತು, ಸಕ್ಕರೆ ಬಂದ್! ನಾಲ್ಕನೆಯ ದಿನ ನೋಡಿದರೆ ವಾಕಿಂಗ್ ಶೂ ಮಂಚದ ಕೆಳಗೆ ವಾನಪ್ರಸ್ಥಕ್ಕೆ ಹೋಗಿರುತ್ತದೆ.

ಸ್ಟ್ಯಾನ್‌ಫರ್ಡಿನ ಬಿ. ಜೆ. ಫಾಗ್ ಎಂಬ ವರ್ತನಾ ವಿಜ್ಞಾನಿಯ ಸಲಹೆ ಇದಕ್ಕೆ ಪೂರ್ತಿ ಉಲ್ಟಾ. ಹಲ್ಲಿನ ಸಂದಿಯನ್ನು ದಾರದಿಂದ ಶುಚಿ ಮಾಡುವ ಅಭ್ಯಾಸ ಬೇಕೇ? ಒಂದೇ ಒಂದು ಹಲ್ಲಿನಿಂದ ಶುರು ಮಾಡಿ! ಸೋಮಾರಿಗಳಿಗೆ ಇಷ್ಟು ಮರ್ಯಾದೆ ಕೊಟ್ಟ ವಿಜ್ಞಾನಿ ಇನ್ನೊಬ್ಬರಿರಲಾರರು. ಹೊಸ ಅಭ್ಯಾಸವನ್ನು ಹಳೆಯದರ ಜೊತೆ ಗಂಟು ಹಾಕಬೇಕಂತೆ. ಸರಿ, ಕುಕ್ಕರ್ ಮೂರು ಸಲ ಕೂಗುವವರೆಗೆ ಹಾಲ್‌ನಲ್ಲೇ ಓಡಾಡಿ. ಕಾಫಿಗೆ ಮುಂಚೆ ಒಂದು ಲೋಟ ನೀರು ಕುಡಿಯಿರಿ. ಕಾಫಿ ಬಿಡಿ ಅಂದರೆ ಮನೆಯಲ್ಲಿ ದಂಗೆಯೇಳುತ್ತದೆ. ನೀರಿಗೆ ಯಾರ ತಕರಾರೂ ಇಲ್ಲ.

ಇಪ್ಪತ್ತೊಂದು ದಿನಕ್ಕೆ ಅಭ್ಯಾಸ ಅಂಟುತ್ತದೆಂದು ನಂಬಿ ಕ್ಯಾಲೆಂಡರಿಗೆ ಗೀಟು ಎಳೆಯಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರ ಮೇಲೆ ಕಣ್ಣಿಟ್ಟು, 2010ರಲ್ಲಿ ಪ್ರಕಟಿಸಿದ ಲೆಕ್ಕ ಸುಮಾರು 66 ದಿನ. ಕೆಲವರಿಗೆ 18, ಕೆಲವರಿಗೆ 254! ನಡುವೆ ಒಂದು ದಿನ ತಪ್ಪಿದರೆ ಏನೂ ಮುಳುಗುವುದಿಲ್ಲ ಎಂದೂ ಅವರು ಕಂಡುಕೊಂಡರು. ಆ ದಿನವನ್ನು ಭಾನುವಾರದ ಮಸಾಲೆ ದೋಸೆಗೆ ಮೀಸಲಿಡಿ. ವಾರಕ್ಕೆ ಏಳು ಭಾನುವಾರ ಬರದಂತೆ ನೋಡಿಕೊಂಡರಾಯಿತು.